ಮುಖವಿಲ್ಲದ ಬ್ರೌಸರು, ಮುಖವಿರುವ ಬ್ರೋಕರು

ಹಾಸನದ ಸಾಲಗಾಮೆ ರಸ್ತೆಯಲ್ಲಿ ಕೂತು ಒಂದು ಕಮಾಂಡ್ ಕೊಟ್ಟರೆ 36,000 ಕಿಲೋಮೀಟರ್ ಮೇಲಿರುವ ಉಪಗ್ರಹ ತೆಪ್ಪಗೆ ಮಗ್ಗುಲು ಬದಲಾಯಿಸುತ್ತದೆ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಊರವರ ಬಾಯಲ್ಲಿ ಎಂಸಿಎಫ್, 1982ರಿಂದ ಮಾಡಿಕೊಂಡು ಬಂದಿರುವ ಕೆಲಸ ಇದು. ಹೇಳಿದ ಮಾತು ಮೇಲೆ ಹೋಗಿ ಉತ್ತರ ಕೆಳಗೆ ಬರುವುದಕ್ಕೆ ಬೆಳಕಿನ ವೇಗದಲ್ಲಿ ಕಾಲು ಸೆಕೆಂಡು ಸಾಕು. ಇಷ್ಟು ವರ್ಷದಲ್ಲಿ ಯಾವ ಉಪಗ್ರಹವೂ ‘ನಿಮ್ಮ ಸೆಶನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ’ ಅಂದ ವರದಿಯಿಲ್ಲ. ಅದೇ ಹಾಸನದಲ್ಲಿ ಕೂತು, ಸುಮಾರು 30 ಕಿಲೋಮೀಟರ್ ಆಚೆಯ ಅರಕಲಗೂಡು ತಾಲ್ಲೂಕಿನ ಒಂದು ಸರ್ವೆ ನಂಬರಿನ ಪಹಣಿಯಲ್ಲಿ, ಕಾಲಂ 9ರಲ್ಲಿ ಯಾರ ಹೆಸರಿದೆ ಎಂದು ಒಂದು ಸಾಲಿನ ಕಮಾಂಡ್ ಕೊಟ್ಟು ಕೇಳಿ ನೋಡಿ. ಆಕಾಶ ಬಗ್ಗಿದಷ್ಟು ಸಲೀಸಾಗಿ ನಮ್ಮ ‘ಭೂಮಿ’ ಬಗ್ಗುವುದಿಲ್ಲ.

ಸರ್ಕಾರದ ಭೂದಾಖಲೆ ಜಾಲತಾಣವಾದ ಈ ‘ಭೂಮಿ’ಯಲ್ಲಿ ಪಹಣಿ ನೋಡುವ ವಿಧಿವಿಧಾನ ಬಲ್ಲವರಿಗೆ ಗೊತ್ತು. ಮೊದಲು ಜಿಲ್ಲೆ ಆರಿಸಬೇಕು. ಜಿಲ್ಲೆ ಆರಿಸುವವರೆಗೆ ತಾಲ್ಲೂಕು ಎಂಬುದು ಸೃಷ್ಟಿಯಲ್ಲೇ ಇರುವುದಿಲ್ಲ. ಹಾಸನ ಅಂದ ಮೇಲೆ ಪುಟ ಒಂದು ಗಳಿಗೆ ಕಣ್ಣು ಮುಚ್ಚಿ, ಸರ್ವರಿನ ಸನ್ನಿಧಿಗೆ ಹೋಗಿ ಬಂದು, ತಾಲ್ಲೂಕುಗಳನ್ನು ಬಿಚ್ಚುತ್ತದೆ. ಅರಕಲಗೂಡು ಅಂದರೆ ಹೋಬಳಿಗಳು ಬರುತ್ತವೆ: ಕಸಬಾ, ದೊಡ್ಡಮಗ್ಗೆ, ಮಲ್ಲಿಪಟ್ಟಣ, ಕೊಣನೂರು, ರಾಮನಾಥಪುರ. ಹೋಬಳಿ ಒತ್ತಿದರೆ ಗ್ರಾಮ. ಗ್ರಾಮ ಸಿಕ್ಕಿದ ಮೇಲೆ ಸರ್ವೆ ನಂಬರು ಟೈಪು ಮಾಡಿ ಮತ್ತೊಂದು ಗುಂಡಿ. ಆಮೇಲೆ ‘ಸರ್ನೋಕ್’ ಎಂಬ ಒಂದು ಪೆಟ್ಟಿಗೆ. ತೆರೆದರೆ ಬಹುಪಾಲು ಅದರೊಳಗೆ ಒಂದೇ ಒಂದು ನಕ್ಷತ್ರ ಚಿಹ್ನೆ. ಇರುವುದೇ ಒಂದಾದರೂ ಅದನ್ನು ನೀವೇ ಆರಿಸಬೇಕು, ಕೆಲವು ಸಹಕಾರ ಸಂಘಗಳ ಚುನಾವಣೆಯಲ್ಲಿ ಅಧ್ಯಕ್ಷರನ್ನು ಆರಿಸುವ ಹಾಗೆ. ಮುಂದೆ ಹಿಸ್ಸಾ, ಅವಧಿ, ವರ್ಷ. ಅಷ್ಟೂ ಮೆಟ್ಟಿಲು ಹತ್ತಿದ ಮೇಲೆ ಒಂದು ಹೆಸರು. ನಡುವೆ ಎಲ್ಲಾದರೂ ಕಾಲು ಜಾರಿದರೆ ಮತ್ತೆ ಜಿಲ್ಲೆಯಿಂದ ಶುರು.

ಇಂಥ ಪುಟಗಳಲ್ಲಿ ಈ ಕುಣಿತವನ್ನೆಲ್ಲ ಕುಣಿಸುವುದು ಜಾವಾಸ್ಕ್ರಿಪ್ಟ್. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಹೊಸೆದು ಕೊಟ್ಟ ಭಾಷೆ. (ಹತ್ತು ದಿನದಲ್ಲಿ ನಮ್ಮಲ್ಲಿ ಒಂದು ಪೋಡಿ ಅರ್ಜಿ ಒಂದು ಮೇಜಿನಿಂದ ಪಕ್ಕದ ಮೇಜಿಗೂ ದಾಟುವುದಿಲ್ಲ, ಆ ಮಾತು ಬೇರೆ.) ಆಗ ಅದರ ಕೆಲಸ ಬಹಳ ಸಣ್ಣದು. ಅರ್ಜಿಯಲ್ಲಿ ಹೆಸರು ಬರೆಯುವುದನ್ನು ಮರೆತರೆ ‘ಹೆಸರು ಬರೆಯಿರಿ’ ಎನ್ನುವುದು, ಗುಂಡಿಯ ಬಣ್ಣ ಬದಲಾಯಿಸುವುದು, ಅಷ್ಟೆ. ಆಮೇಲೆ ಮನೆ ಅಳಿಯನಾಗಿ ಬಂದವನು ಯಜಮಾನನಾದ. ಈಗ ಎಷ್ಟೋ ಜಾಲತಾಣಗಳಲ್ಲಿ ಪುಟ ಅಂತ ಬರುವುದು ಬರೀ ಖಾಲಿ ಚೌಕಟ್ಟು. ಒಳಗಿನ ಸರಕನ್ನೆಲ್ಲ ಜಾವಾಸ್ಕ್ರಿಪ್ಟೇ ಒಂದೊಂದಾಗಿ ಹೊತ್ತು ತಂದು ತುಂಬಬೇಕು.

ಇದಕ್ಕಿಂತ ಹಳೆಯದೊಂದು ಕುಲ ಇದೆ, ಯೂನಿಕ್ಸ್‌ನವರದು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಆ ವ್ಯವಸ್ಥೆಗೆ 1973ರಲ್ಲಿ ಡಗ್ ಮ್ಯಾಕ್‌ಇಲ್‌ರಾಯ್ ಎಂಬುವರ ಹಟದಿಂದ ‘ಪೈಪ್’ ಬಂತು. ಒಂದು ಪುಟ್ಟ ಪ್ರೋಗ್ರಾಂ ತನ್ನ ಕೆಲಸ ಮುಗಿಸಿ, ಬಂದ ಸಾಲುಗಳನ್ನು ಮುಂದಿನದಕ್ಕೆ ದಾಟಿಸುತ್ತದೆ. ‘ಗ್ರೆಪ್’ ಹುಡುಕುತ್ತದೆ, ‘ಸಾರ್ಟ್’ ಜೋಡಿಸುತ್ತದೆ, ‘ಯೂನಿಕ್’ ಎರಡೆರಡು ಸಲ ಬಂದದ್ದನ್ನು ಹಿಡಿದು ತೋರಿಸುತ್ತದೆ. ಇವಕ್ಕೆ ಮೌಸ್ ಬೇಡ, ಚಿತ್ರ ಬೇಡ, ‘ಸುಸ್ವಾಗತ’ ಎಂದು ಎಡದಿಂದ ಬಲಕ್ಕೆ ಓಡುವ ಅಕ್ಷರ ಬೇಡ, ಮಂತ್ರಿಗಳ ಭಾವಚಿತ್ರವಂತೂ ಬೇಡವೇ ಬೇಡ. ಸಾದಾ ಅಕ್ಷರದ ಸಾಲುಗಳು ಸಿಕ್ಕಿದರೆ ಸಾಕು. ಈ ಕುಲದವರು ‘ಕರ್ಲ್’ ಎಂಬ ಕಮಾಂಡಿನಿಂದ ಇಂದಿನ ಜಾಲತಾಣದ ಬಾಗಿಲು ತಟ್ಟಿದರೆ ಒಳಗಿನಿಂದ ಬರುವ ಉತ್ತರ ಒಂದೇ: ದಯವಿಟ್ಟು ಜಾವಾಸ್ಕ್ರಿಪ್ಟ್ ಆನ್ ಮಾಡಿಕೊಳ್ಳಿ.

ಕಮಾಂಡ್ ಲೈನಿಗೆ ಜಾವಾಸ್ಕ್ರಿಪ್ಟ್ ಎಲ್ಲಿಂದ ತರುವುದು? ಇಲ್ಲಿಂದ ಪ್ರಹಸನ ಶುರು. ಮೊದಮೊದಲು ಭಾಷೆಯನ್ನಷ್ಟೇ ಕಿತ್ತು ತಂದು ಓಡಿಸಿದರು. ಅದು ‘ಪುಟ ಎಲ್ಲಿದೆ? ಕಿಟಕಿ ಎಲ್ಲಿದೆ? ಗುಂಡಿ ಎಲ್ಲಿದೆ?’ ಅಂತ ಕೂತುಬಿಟ್ಟಿತು. ಬ್ರೌಸರಿನಲ್ಲಿ ಬೆಳೆದ ಜಾವಾಸ್ಕ್ರಿಪ್ಟಿಗೆ ಬ್ರೌಸರೇ ಬೇಕು. ಸರಿ, 2011ರಲ್ಲಿ ‘ಫ್ಯಾಂಟಮ್ ಜೆಎಸ್’ ಬಂತು, ಪರದೆಯಿಲ್ಲದ ಬ್ರೌಸರು. 2017ರಲ್ಲಿ ಗೂಗಲ್‌ನವರು ಕ್ರೋಮಿಗೇ ‘ಹೆಡ್‌ಲೆಸ್’ ಎಂಬ ಅವತಾರ ಕೊಟ್ಟರು, ಮರುವರ್ಷವೇ ಫ್ಯಾಂಟಮ್ ಅಂಗಡಿ ಮುಚ್ಚಿತು. ಈಗ ಟರ್ಮಿನಲಿನಲ್ಲಿ ಒಂದು ಸಾಲು ಬರೆದರೆ ನೂರಾರು ಮೆಗಾಬೈಟಿನ ಕ್ರೋಮ್ ಕತ್ತಲೆಯಲ್ಲಿ ಎದ್ದು ಕೂರುತ್ತದೆ. ಯಾರೂ ನೋಡದ ಪುಟವನ್ನು, ಯಾರಿಗೂ ಕಾಣದ ಬಣ್ಣದಲ್ಲಿ ಬಿಡಿಸುತ್ತದೆ. ಯಾರೂ ಹಿಡಿಯದ ಮೌಸಿನಿಂದ ಗುಂಡಿ ಒತ್ತಿ, ಕೊನೆಗೆ ಹತ್ತು ಅಕ್ಷರದ ಒಂದು ಹೆಸರನ್ನು ತಂದು ಕೈಗಿಡುತ್ತದೆ. ಸರ್ವರಿನಲ್ಲಿ ಆ ಹೆಸರು ಇದ್ದದ್ದೂ ಸಾದಾ ಅಕ್ಷರದಲ್ಲೇ, ಬೇಕಾಗಿದ್ದದ್ದೂ ಸಾದಾ ಅಕ್ಷರದಲ್ಲೇ. ನಡುವೆ ಇಷ್ಟು ದೊಡ್ಡ ದಿಬ್ಬಣ ಯಾಕೆ ಹೊರಟಿತು ಅಂತ ಕೇಳಿದವನನ್ನು ತಂತ್ರಜ್ಞಾನ ವಿರೋಧಿ ಅನ್ನುತ್ತಾರೆ.

ನಮ್ಮ ಹೊಳೆನರಸೀಪುರದವರು ಇದನ್ನೆಲ್ಲ ಕೇಳಿ ನಗುತ್ತಾರೆ. ಮುಖ ಕಾಣದ ಬ್ರೌಸರು ಗೂಗಲ್‌ಗಿಂತ ಎಷ್ಟೋ ಮೊದಲೇ ಅವರ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿತ್ತು. ಅದರ ಹೆಸರು ಸೈಬರ್ ಸೆಂಟರ್. ಪರದೆ ಹುಡುಗನ ಕಡೆಗಿರುತ್ತದೆ, ಅದರ ಬೆನ್ನು ಗಿರಾಕಿಯ ಕಡೆಗೆ. ಕಮಾಂಡನ್ನು ಬಾಯಲ್ಲಿ ಕೊಡಬೇಕು.

‘ಮಗಾ, ನಲವತ್ತೇಳು ಬಾರ್ ಎರಡು. ಹಳೇಕೋಟೆ ಹೋಬ್ಳಿ. ಪಾಣಿ ತೆಗಿ.’

‘ಸರ್ವರ್ ಇಲ್ಲ ಕಣ್ ಯಜಮಾನ್ರೆ. ಟೀ ಕುಡ್ಕೊಂಡ್ ಬನ್ನಿ.’

‘ಕುಡ್ದೇ ಬಂದಿವ್ನಿ.’

‘ಇನ್ನೊಂದ್ ಕುಡೀರಿ. ಆಧಾರ್ ಕಾರ್ಡು, ಮೊಬೈಲು ಇಲ್ಲಿಟ್ಟೋಗಿ. ಓಟಿಪಿ ಬಂದ್ರೆ ನಾನೇ ಹೊಡ್ಕತೀನಿ.’

‘ಅದೇನ್ಲಾ ಅದು, ಹೋದ್ಸಲ ಚುಕ್ಕಿ ಒತ್ತಿದ್ಯಲ್ಲ?’

‘ಏನೋ ಗೊತ್ತಿಲ್ಲ. ಒತ್ತುದ್ರೆ ಬತ್ತದೆ.’

ಗಮನಿಸಿ, ಇನ್‌ಪುಟ್, ಔಟ್‌ಪುಟ್, ದೋಷಸಂದೇಶ, ಮರುಪ್ರಯತ್ನ, ಗುಪ್ತಸಂಖ್ಯೆಯ ನಿರ್ವಹಣೆ, ಏನೊಂದೂ ಕಮ್ಮಿಯಿಲ್ಲ. ಬೆಂಗಳೂರಿನ ಕಂಪನಿಯೊಂದರಲ್ಲಿ ಇದೇ ಕೆಲಸಕ್ಕೆ ‘ಆಟೊಮೇಶನ್ ಎಂಜಿನಿಯರ್’ ಅನ್ನುತ್ತಾರೆ, ಊಟದ ಕೂಪನ್ನೂ ಕೊಡುತ್ತಾರೆ. ಇಲ್ಲಿ ಮಾತ್ರ ‘ಏಯ್ ಮಗಾ’.

ಇತಿಹಾಸಕ್ಕೆ ಅನ್ಯಾಯ ಮಾಡಬಾರದು. ಒಂದು ಕಾಲಕ್ಕೆ ಪಹಣಿ ಶಾನುಭೋಗರ ಮನೆಯ ಕೆಂಪು ಬಟ್ಟೆಯ ಗಂಟಿನಲ್ಲಿತ್ತು. ವಂಶಪಾರಂಪರ್ಯದ ಆ ಹುದ್ದೆಯನ್ನು 1961ರ ಕಾನೂನು ಕಿತ್ತು ಹಾಕಿತು, ಗಂಟು ಗ್ರಾಮ ಲೆಕ್ಕಿಗರ ಚೀಲ ಸೇರಿತು. ರಾಜ್ಯದಲ್ಲಿ ಅಂಥ ಸುಮಾರು 9,000 ಚೀಲಗಳಿದ್ದವು, ಚೀಲ ಬಿಚ್ಚುವುದಕ್ಕೆ ಅದರದ್ದೇ ಮುಹೂರ್ತ ಇತ್ತು. 2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಸಾರಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪ್ರಿಂಟು. ಅದು ದೊಡ್ಡ ಕೆಲಸ, ಮೆಚ್ಚಲೇಬೇಕು. ವಿಶ್ವಬ್ಯಾಂಕಿನವರು ಮೆಚ್ಚಿದ್ದಾರೆ ಅಂತ ಮೆಚ್ಚಬೇಕಾಗಿಲ್ಲ, ಚೀಲದ ಮುಂದೆ ಕೈಕಟ್ಟಿ ನಿಂತ ಯಾವ ರೈತನನ್ನಾದರೂ ಕೇಳಿ.

ಆಮೇಲೆ ಆದದ್ದೇನೆಂದರೆ, ಕಿಟಕಿ ಒಂದಿದ್ದದ್ದು ಮೂವತ್ತಾಯಿತು. ಪಹಣಿಗೆ ಒಂದು, ನೋಂದಣಿಗೆ ಒಂದು, ಜಾತಿ ಆದಾಯಕ್ಕೆ ಒಂದು, ಗ್ರಾಮ ಪಂಚಾಯಿತಿ ಖಾತೆಗೆ ಇನ್ನೊಂದು. ಒಂದು ಕಿಟಕಿಯಲ್ಲಿ ‘ಅರಕಲಗೂಡು’, ಇನ್ನೊಂದರಲ್ಲಿ ‘ಅರ್ಕಲ್‌ಗುಡ್’. ಹೊಳೆನರಸೀಪುರಕ್ಕೆ ದೀರ್ಘ ಎಲ್ಲಿ, ಹ್ರಸ್ವ ಎಲ್ಲಿ ಎನ್ನುವುದರಲ್ಲಿ ಇಲಾಖೆ ಇಲಾಖೆಗೂ ಮತಭೇದ. ಚನ್ನರಾಯಪಟ್ಟಣ ಕೆಲವೆಡೆ ಪಟ್ಣವಾಗಿ ಸೊರಗಿದೆ. ಮನುಷ್ಯನಿಗೆ ಇದು ಲೆಕ್ಕವೇ ಅಲ್ಲ, ಕಂಪ್ಯೂಟರಿಗೆ ಇವು ಬೇರೆ ಬೇರೆ ಊರು. ಕೊನೆಗೆ ಚೀಲ ಹೊತ್ತವರಿಗೇ ಸಾಕಾಗಿ ಹೋಯಿತು. 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳು, ಅಂದರೆ ಹೊಸ ಹೆಸರಿನ ಅದೇ ಗ್ರಾಮ ಲೆಕ್ಕಿಗರು, ರಾಜ್ಯದುದ್ದಕ್ಕೂ ಮುಷ್ಕರ ಹೂಡಿದರು. ಹತ್ತಾರು ಮೊಬೈಲ್ ಆ್ಯಪ್ ಹೇರಿದ್ದೀರಿ, ಕೆಲಸಕ್ಕೆ ಸರಿಯಾದ ಸಲಕರಣೆ ಕೊಟ್ಟಿಲ್ಲ ಎಂಬುದು ಅವರ ದೂರು. ಸರ್ಕಾರಿ ನೌಕರನೇ ಸರ್ಕಾರಿ ಆ್ಯಪಿಗೆ ಹೆದರಿ ಬೀದಿಗೆ ಬಂದದ್ದನ್ನು ಡಿಜಿಟಲ್ ಕ್ರಾಂತಿಯ ಯಾವ ಅಧ್ಯಾಯದಲ್ಲಿ ಹಾಕುತ್ತಾರೋ ನೋಡಬೇಕು.

ಬ್ರೌಸರಿನ ಕಿಟಕಿಗೆ ಒಂದು ಗುಣವಿದೆ. ಅದು ನಿಮಗೆ ನಿಮ್ಮ ಸಾಲನ್ನು ಮಾತ್ರ ತೋರಿಸುತ್ತದೆ, ಪಟ್ಟಿಯನ್ನು ತೋರಿಸುವುದಿಲ್ಲ. ನಿಮ್ಮ ಪಹಣಿ, ನಿಮ್ಮ ಅರ್ಜಿ, ನಿಮ್ಮ ಸ್ಥಿತಿಗತಿ. ‘ಎಷ್ಟು ಪಾರದರ್ಶಕ!’ ಅಂತ ನೀವು ಬೆರಗಾಗಿ ಮನೆಗೆ ಹೋಗುತ್ತೀರಿ. ಆದರೆ ಅಕ್ರಮ ಎನ್ನುವುದು ಒಂದು ಸಾಲಿನಲ್ಲಿ ಕಾಣುವ ಪ್ರಾಣಿಯಲ್ಲ. ಅದು ಇರುವುದು ಸಾಲು ಸಾಲಿನ ನಡುವೆ. ಹೇಮಾವತಿ ಯೋಜನೆಯನ್ನೇ ತೆಗೆದುಕೊಳ್ಳಿ. ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಮುಳುಗಡೆಯಾದವರಿಗೆಂದು ಕಾದಿಟ್ಟ ಭೂಮಿ ಮುಳುಗದವರಿಗೂ ಮಂಜೂರಾಗಿದೆ ಎಂಬ ದೂರು ಹಾಸನ ಜಿಲ್ಲೆಗೆ ಹೊಸದಲ್ಲ. ಒಂದೊಂದೇ ಮಂಜೂರಾತಿ ಪತ್ರವನ್ನು ಬೆಳಕಿಗೆ ಹಿಡಿದು ನೋಡಿದರೆ ಎಲ್ಲವೂ ಸರಿಯಾಗಿಯೇ ಕಂಡೀತು. ಸಹಿಯಿದೆ, ಮೊಹರಿದೆ, ಚೆಕ್ಕುಬಂದಿ ಇದೆ. ಇಡೀ ಪಟ್ಟಿಯನ್ನು ಸಾದಾ ಅಕ್ಷರದಲ್ಲಿ ಒಂದು ಕಡೆ ಸುರಿದು, ಸಾರ್ಟ್ ಮಾಡಿ, ಎರಡು ಸಲ ಬಂದ ಹೆಸರು ತೋರಿಸು ಅಂದರೆ ಸಾಕು. ಐವತ್ತು ವರ್ಷ ಹಳೆಯ ಯೂನಿಕ್ಸ್ ಕಮಾಂಡು, ಒಂದು ಸಾಲು, ಒಂದು ಸೆಕೆಂಡು. ತನಿಖಾ ಸಮಿತಿ ಬೇಡ, ಸಮಿತಿಯ ಅವಧಿ ವಿಸ್ತರಣೆಯೂ ಬೇಡ, ಸಮಿತಿಯ ಕಾರಿಗೆ ಡೀಸೆಲ್ಲೂ ಬೇಡ. ಇಷ್ಟು ಅಗ್ಗದ ಯಂತ್ರಕ್ಕೆ ಮೇವು ಸಿಗದಂತೆ ನೋಡಿಕೊಳ್ಳಲು ಒಂಬತ್ತು ಮೆಟ್ಟಿಲಿನ ಪುಟಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ಉಪಾಯ ಅಂದೆನಲ್ಲ, ಹಾಗೆ ಅಂದುಕೊಂಡು ಮಾಡಿದ್ದಾರೆ ಅಂತ ನನಗನ್ನಿಸುವುದಿಲ್ಲ. ಅಷ್ಟು ದೂರಾಲೋಚನೆ ಇದ್ದಿದ್ದರೆ ಸರ್ವರ್ ಸೋಮವಾರ ಬೆಳಿಗ್ಗೆ ಬೀಳುತ್ತಿರಲಿಲ್ಲ.

ಚನ್ನರಾಯಪಟ್ಟಣದ ತೆಂಗಿನವರಿಗೆ ಇದರ ಇನ್ನೊಂದು ಮುಖ ಗೊತ್ತು. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಮಾರುಕಟ್ಟೆ ದರ ಅದಕ್ಕಿಂತ ಎಷ್ಟೋ ಕೆಳಗಿತ್ತು. ನೋಂದಣಿ ಕೇಂದ್ರದ ಮುಂದೆ ರೈತರು ರಾತ್ರಿಯೇ ಬಂದು ಸಾಲು ನಿಂತರು. ನೋಡನೋಡುತ್ತಿದ್ದಂತೆ ಕೋಟಾ ಭರ್ತಿ. ಅಕ್ರಮ ನಡೆದಿದೆ ಎಂಬ ಗಲಾಟೆಯೆದ್ದು ಸರ್ಕಾರ ಆ ನೋಂದಣಿಯನ್ನೇ ರದ್ದು ಮಾಡಿ ಮತ್ತೆ ಮೊದಲಿಂದ ಶುರು ಮಾಡಿತು, ಈ ಸಲ ಬೆರಳಚ್ಚು ಕಡ್ಡಾಯ. ಔಷಧ ಯಾರಿಗೆ ಕುಡಿಸಿದರು ನೋಡಿ. ಕದ್ದವನು ಯಾರೋ, ಹೆಬ್ಬೆರಳು ಒತ್ತಬೇಕಾದವನು ಐವತ್ತು ವರ್ಷ ಕಾಯಿ ಸುಲಿದು ಗೆರೆಯೇ ಸವೆದುಹೋದ ಹಿರೀಸಾವೆಯ ಮುದುಕ. ಮೊದಲ ದಿನವೇ ‘ಯಾರ ಹೆಸರು, ಯಾವ ಊರು, ಎಷ್ಟು ಕ್ವಿಂಟಲ್’ ಎಂದು ಒಂದು ಸಾದಾ ಪಟ್ಟಿ ಹೊರಗೆ ಬಿಟ್ಟಿದ್ದರೆ, ಒಂದೂ ಗರಿಯಿಲ್ಲದವನ ಹೆಸರಲ್ಲಿ ಎಷ್ಟು ಕೊಬ್ಬರಿ ಒಣಗುತ್ತಿದೆ ಅಂತ ಊರವರೇ ಸಂಜೆಯೊಳಗೆ ಹೇಳುತ್ತಿದ್ದರು. ಅದಕ್ಕೆ ಕಂಪ್ಯೂಟರೂ ಬೇಕಿರಲಿಲ್ಲ.

ಸ್ಕ್ರಿಪ್ಟ್ ಬರೆಯಬಲ್ಲವನಿಗೆ ಕಿಟಕಿಯ ಕಾಟವೇ ಇಲ್ಲ ಎಂಬುದು 2021ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಗೊತ್ತಾಯಿತು. ಕೋವಿಡ್ ಲಸಿಕೆಯ ಕೋವಿನ್ ಜಾಲತಾಣದಲ್ಲಿ ಸ್ಲಾಟು ತೆರೆದ ಕ್ಷಣದಲ್ಲಿ ಖಾಲಿ. ನಗರದ ಹುಡುಗರು ಕಮಾಂಡ್ ಲೈನಿನಿಂದ ಸರ್ವರನ್ನು ನಿಮಿಷಕ್ಕೆ ಹತ್ತು ಸಲ ವಿಚಾರಿಸಿ, ಖಾಲಿ ಇರುವ ಹಳ್ಳಿಯ ಕೇಂದ್ರ ಹುಡುಕಿ, ಕಾರು ಹತ್ತಿದರು. ಅದೇ ಹಳ್ಳಿಯವರು ಓಟಿಪಿ ಬರಲಿ ಅಂತ ಮೊಬೈಲನ್ನು ಸೂರಿನಂಚಿಗೆ ಹಿಡಿದು ನಿಂತಿದ್ದರು. ಸರ್ಕಾರ ಕಂಡುಕೊಂಡ ಪರಿಹಾರ, ಹೊರಗೆ ಕೊಡುವ ಮಾಹಿತಿ 30 ನಿಮಿಷದಷ್ಟು ಹಳೆಯದಿರಬಹುದು ಎಂದದ್ದು. ಎಲ್ಲರಿಗೂ ಬಿಸಿ ಅನ್ನ ಬಡಿಸಲಾಗದಿದ್ದರೆ ಎಲ್ಲರಿಗೂ ತಂಗಳು.

ಇನ್ನು ಕಾವೇರಿ. ಅರಕಲಗೂಡಿನ ರಾಮನಾಥಪುರದಲ್ಲಿ ಹರಿಯುವ ಕಾವೇರಿಯಲ್ಲ, ನೋಂದಣಿ ಇಲಾಖೆಯ ಕಾವೇರಿ 2.0. ಇದರ ಹರಿವು 2024ರ ಡಿಸೆಂಬರಿನಲ್ಲಿ ಒಮ್ಮೆ, 2025ರ ಜನವರಿಯಲ್ಲಿ ಇನ್ನೊಮ್ಮೆ ನಿಂತಿತು. ದಿನ ನೋಡಿ, ರಾಹುಕಾಲ ಬಿಟ್ಟು, ಸಾಕ್ಷಿಗಳನ್ನು ಊರಿಂದ ಹೊರಡಿಸಿಕೊಂಡು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದವರು ಮೆಟ್ಟಿಲ ಮೇಲೆ ಕೂತರು. ಆಮೇಲೆ ಸರ್ಕಾರವೇ ಕೊಟ್ಟ ವಿವರ: ಬಾಟ್‌ಗಳ, ಅಂದರೆ ತಾವಾಗಿ ಓಡುವ ಪ್ರೋಗ್ರಾಂಗಳ ದಾಳಿ. 62 ಖಾತೆ, 14 ಐಪಿ ವಿಳಾಸ, ಋಣಭಾರ ಪತ್ರ ಅಂದರೆ ಇಸಿ ಹುಡುಕುವ ಪುಟದ ಮೇಲೆ ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆ. ಸೈಬರ್ ಪೊಲೀಸರಿಗೆ ದೂರು ಹೋಯಿತು.

ದಾಳಿ ಮಾಡಿದವರ ಪರ ನಾನು ವಕಾಲತ್ತು ಹಾಕುವುದಿಲ್ಲ, ಸಿಕ್ಕರೆ ಹೂತುಹಾಕಲಿ. ಕುತೂಹಲ ಬೇರೆ ಕಡೆಗಿದೆ. 62 ಖಾತೆಗೆ ಒಂದು ರಾಜ್ಯದ ಆಸ್ತಿ ವ್ಯವಹಾರವೇ ನೆಲಕಚ್ಚಿತು ಅಂದಮೇಲೆ ಬಾಗಿಲು ಎಷ್ಟು ಗಟ್ಟಿಯಿತ್ತು? ಇಂಥ ದಾಳಿ ಆದಾಗಲೆಲ್ಲ ಜಾಲತಾಣಗಳು ಹಾಕುವ ಬೀಗ ಗೊತ್ತೇ ಇದೆ: ಇನ್ನೊಂದು ಓಟಿಪಿ, ಇನ್ನೊಂದು ಕ್ಯಾಪ್ಚಾ. ಸೊಟ್ಟ ಅಕ್ಷರ ಓದಿ ನಾನು ಮನುಷ್ಯ ಅಂತ ಸಾಬೀತು ಮಾಡುವ ಆ ಪರೀಕ್ಷೆಯಲ್ಲಿ ಬಾಟ್‌ಗಳೇ ಮನುಷ್ಯರಿಗಿಂತ ಬೇಗ, ಹೆಚ್ಚು ಸರಿಯಾಗಿ ಪಾಸಾಗುತ್ತವೆ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇರ್ವೈನ್ ಸಂಶೋಧಕರು 2023ರಲ್ಲೇ ತೋರಿಸಿದ್ದಾರೆ. ಫೇಲಾಗುವುದು ಕಣ್ಣಿಗೆ ಪೊರೆ ಬಂದ ನಮ್ಮ ಯಜಮಾನರು. ಅಂದರೆ ಯಂತ್ರ ಒಳಗೆ, ಮನುಷ್ಯ ಹೊರಗೆ, ನಡುವೆ ಸೈಬರ್ ಸೆಂಟರಿನ ಹುಡುಗನ ದರ ಮತ್ತೆ ಹತ್ತು ರೂಪಾಯಿ ಮೇಲೆ.

ಪಟ್ಟಿ ಬಿಚ್ಚಿ ಅಂದ ತಕ್ಷಣ ಮೇಲಿನಿಂದ ಒಂದು ದನಿ ಬರುತ್ತದೆ: ಖಾಸಗಿತನ! ರೈತರ ಹೆಸರೆಲ್ಲ ದುರುಪಯೋಗ ಆಗುತ್ತದೆ! ಕಳಕಳಿಗೆ ಕೈ ಮುಗಿಯೋಣ. ಆಧಾರ್ ಸಂಖ್ಯೆ, ಫೋನು, ಬ್ಯಾಂಕ್ ಖಾತೆ ಯಾರೂ ಕೇಳುತ್ತಿಲ್ಲ, ಅವನ್ನು ಮುಚ್ಚಿಡಲೇಬೇಕು. ಆದರೆ ಕಾಲಂ 9ರ ಹೆಸರು ಈಗಾಗಲೇ ಯಾರು ಗುಂಡಿ ಒತ್ತಿದರೂ ಕಾಣುತ್ತದೆ. ಒಂದೊಂದೇ ಒತ್ತಿದರೆ ಖಾಸಗಿತನ ಕೆಡುವುದಿಲ್ಲ, ಒಟ್ಟಿಗೆ ಕೊಟ್ಟರೆ ಕೆಡುತ್ತದೆ ಎನ್ನುವುದರಲ್ಲಿ ಸ್ವಲ್ಪ ಸತ್ಯವಿದೆ ಎಂದೇ ಇಟ್ಟುಕೊಳ್ಳಿ. ಆದರೆ ಹೆದ್ದಾರಿ ಬದಿಯ ಲೇಔಟಿನವರಿಗೆ ಈ ಖಾಸಗಿತನದ ಪಾಠ ಯಾರು ಹೇಳಿದರು? ಬೆಂಗಳೂರು–ಹಾಸನ ರಸ್ತೆಯ ಯಾವುದೇ ಟೀ ಅಂಗಡಿಯಲ್ಲಿ ನಿಂತು ‘ಎರಡೆಕರೆ ಬೇಕಿತ್ತು’ ಅಂತ ಕೆಮ್ಮಿ ನೋಡಿ. ಯಾವ ನಂಬರು ತಕರಾರಿನಲ್ಲಿದೆ, ಯಾವ ಅಣ್ಣತಮ್ಮಂದಿರಿಗೆ ಮಾತಿಲ್ಲ, ಯಾರ ಮಗಳ ಮದುವೆಗೆ ದುಡ್ಡು ಬೇಕಾಗಿದೆ, ಎಲ್ಲವನ್ನೂ ಹೇಳುವ ಒಬ್ಬರು ಪಕ್ಕದ ಬೆಂಚಿನಿಂದ ಏಳುತ್ತಾರೆ. ಅವರಿಗೆ ಹೆಡ್‌ಲೆಸ್ ಕ್ರೋಮ್ ಬೇಡ, ತಲೆಯೇ ಡೇಟಾಬೇಸ್. ಮಾಹಿತಿ ಕಷ್ಟವಾದಷ್ಟೂ ಅವರ ಕಮಿಷನ್ ಗಟ್ಟಿ. ಪುಟದ ಮೆಟ್ಟಿಲುಗಳು ತಡೆದು ನಿಲ್ಲಿಸಿರುವುದು ಗ್ರಾಮಸಭೆಯಲ್ಲಿ ಎದ್ದು ಪ್ರಶ್ನೆ ಕೇಳಬೇಕಾದವನನ್ನು, ಸ್ಥಳೀಯ ಪತ್ರಿಕೆಯ ವರದಿಗಾರನನ್ನು, ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು ರಜೆಗೆ ಊರಿಗೆ ಬಂದು ‘ನಮ್ಮ ಹೋಬಳಿಯ ಗೋಮಾಳ ಎಷ್ಟು ಉಳಿದಿದೆ’ ಅಂತ ನೋಡಹೊರಡುವ ಹುಡುಗಿಯನ್ನು. ಹುಡುಗಿ ಹಟ ಹಿಡಿದು ಸ್ಕ್ರಿಪ್ಟ್ ಬರೆದರೆ ನಾಳೆ ಸರ್ವರ್ ತಾನಾಗಿ ಬಿದ್ದರೂ ಅನುಮಾನ ಅವಳ ಮೇಲೆಯೇ.

ಸರ್ಕಾರಿ ಮಾಹಿತಿಯನ್ನು ಯಂತ್ರ ಓದುವ ರೂಪದಲ್ಲಿ ಹೊರಗಿಡಬೇಕು ಎಂದು ಕೇಂದ್ರ ಸರ್ಕಾರ 2012ರಲ್ಲೇ ನೀತಿ ಮಾಡಿ ಕಪಾಟಿನಲ್ಲಿಟ್ಟಿದೆ. ಕಪಾಟಿನ ಕೀಲಿ ಹುಡುಕುವ ಗೊಡವೆ ನಿಮಗೆ ಬೇಡ, ಅದಕ್ಕಿಂತ ಹರಿತವಾದದ್ದು ಕೈಯಲ್ಲಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಪ್ರಕಾರ, ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲೇ ಪಡೆಯುವುದು ನಿಮ್ಮ ಹಕ್ಕು. ಕೇಳಿದ ರೂಪದಲ್ಲೇ ಸಾಮಾನ್ಯವಾಗಿ ಕೊಡತಕ್ಕದ್ದು ಎನ್ನುತ್ತದೆ ಕಲಂ 7(9). ನಿಮ್ಮ ತಾಲ್ಲೂಕಿನ ಭೂಮಂಜೂರಾತಿ ಪಟ್ಟಿ ಇರಲಿ, ಕೊಬ್ಬರಿ ನೋಂದಣಿಯ ಪಟ್ಟಿ ಇರಲಿ, ಅರ್ಜಿಯಲ್ಲಿ ‘ಎಕ್ಸೆಲ್ ಅಥವಾ ಸಿಎಸ್‌ವಿ ಕಡತವಾಗಿ ಸಿಡಿಯಲ್ಲೋ ಇಮೇಲಿನಲ್ಲೋ ಕೊಡಿ’ ಎಂದು ಒಂದು ಸಾಲು ಸೇರಿಸಿ. ಅರ್ಜಿ ಶುಲ್ಕ 10 ರೂಪಾಯಿ. ಪ್ರಿಂಟು ತೆಗೆದು, ಓರೆಯಾಗಿ ಸ್ಕ್ಯಾನ್ ಮಾಡಿ, ಪಿಡಿಎಫ್ ಕಳಿಸಿದರೆ ಮೊದಲ ಮೇಲ್ಮನವಿಗೆ 30 ದಿನ ಕಾಲಾವಕಾಶವಿದೆ, ಬಿಡಬೇಡಿ.